ಅಜ್ಜಿಯ ಹಾಡಿಗೊಂದು ಡಬ್ಬಿ

ನೇಯುವವರ ಮನೆಯಲ್ಲಿ ಯಾವುದೂ ಹರಿದದ್ದು ಹರಿದಂತೆ ಉಳಿಯುವುದಿಲ್ಲ. ಎಳೆ ತುಂಡಾದರೆ ಬೆರಳುಗಳು ತಾವೇ ಹೋಗಿ ಗಂಟು ಹಾಕಿ ಬರುತ್ತವೆ. ತಲೆಯನ್ನು ಕೇಳುವ ಪದ್ಧತಿಯಿಲ್ಲ. ನಮ್ಮಪ್ಪ ಪಕ್ಕದ ಮನೆಯವರ ಜೊತೆ ಜಗಳವಾಡುತ್ತಲೇ ಮಗ್ಗದ ಎಳೆ ಕೂಡಿಸುತ್ತಿದ್ದರು. ಜಗಳ ಮುಗಿಯುವಷ್ಟರಲ್ಲಿ ಹಾಸು ಸರಿಯಾಗಿರುತ್ತಿತ್ತು, ನೆರೆಹೊರೆ ಮಾತ್ರ ಹರಿದಿರುತ್ತಿತ್ತು. ನಾನು ಮಗ್ಗ ಬಿಟ್ಟು ಕೊಯಮತ್ತೂರಿನ ಒಂದು ರೇಡಿಯೋ ರಿಪೇರಿ ಅಂಗಡಿ ಸೇರಿದವನು. ಆದರೂ ಪೈಜಾಮದ ಲಾಡಿಯಿಂದ ಹಿಡಿದು ಛತ್ರಿಯ ಬಟ್ಟೆಯವರೆಗೆ ನನ್ನದೆಂಬ ಎಲ್ಲದರಲ್ಲೂ ನಮ್ಮ ಕುಲದ ಆ ಪುಟ್ಟ ಗಂಟು ಇದ್ದೇ ಇತ್ತು. ಅದನ್ನು ಹೆಮ್ಮೆಯ ವಿಷಯವೆಂದು ತಿಳಿದಿದ್ದೆ, ಅಕ್ಕನ ಮದುವೆಯ ಬೆಳಗಿನವರೆಗೆ.

ಇದು ಐವತ್ತರ ದಶಕದ ಮಾತು. ಕೊಯಮತ್ತೂರಿನ ಹತ್ತಿರದ ಸೋಮನೂರಿನ ನಮ್ಮ ಬೀದಿಗೆ ಕರೆಂಟು ಬಂದು, ಪವರ್‌ಲೂಮುಗಳು ಬಂದು, ಅವುಗಳ ಹಿಂದೆಯೇ ಮದುವೆಗೆ ಮೈಕ್‌ಸೆಟ್ ಕರೆಸುವ ದೊಡ್ಡಸ್ತಿಕೆಯೂ ಬಂದಿತ್ತು. ನಮ್ಮ ಮನೆತನದಲ್ಲಿ ತಾಳಿ ಕಟ್ಟುವ ಮುಂಚೆ ಹಿರಿಯ ಹೆಂಗಸು ಒಂದು ಹಾಡು ಹಾಡಬೇಕು. ಅದರ ಕೊನೆಯ ಸಾಲಿಗೆ ತಾಳಿ. ಹಾಡು ಕನ್ನಡದ್ದು. ನಾವೋ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವವರು; ಕನ್ನಡ ಅಕ್ಷರ ಆಗ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಕಲಿತದ್ದು ಬಹಳ ತಡವಾಗಿ, ಅದರ ಫಲವನ್ನು ನೀವೀಗ ಅನುಭವಿಸುತ್ತಿದ್ದೀರಿ. ಹಾಗಾಗಿ ಆ ಹಾಡು ಪೂರ್ತಿಯಾಗಿ ಇದ್ದದ್ದು ನಮ್ಮಜ್ಜಿಯ ಬಾಯಲ್ಲಿ ಮಾತ್ರ. ಅಜ್ಜಿ ಸೊಂಟ ಮುರಿದುಕೊಂಡು ಒಳಮನೆಯ ಮಂಚ ಹಿಡಿದಿದ್ದಳು. ಮಂಚ ಚೂರು ಅಲುಗಿದರೂ ಜೀವ ಹೋಗುವಂಥ ನೋವು. ಚಪ್ಪರ ಹಾಕುವುದು ಬೀದಿಯ ತುದಿಯಲ್ಲಿ.

ನಿಶ್ಚಿತಾರ್ಥದ ದಿನ ನಾನು ಬುದ್ಧಿವಂತಿಕೆ ತೋರಿಸಿದ್ದೆ. ಅಜ್ಜಿಯ ತಲೆದಿಂಬಿನ ಪಕ್ಕ ಒಂದು ಮೈಕು ಇಟ್ಟು, ಮಗ್ಗದ ಶೆಡ್ಡುಗಳ ಗೋಡೆಗುಂಟ ತಂತಿ ಎಳೆದು ಬೀದಿ ತುದಿಯ ಆಂಪ್ಲಿಫಯರಿಗೆ ಸಿಕ್ಕಿಸಿದೆ. ಆ ಜಾತಿಯ ಮೈಕಿನ ದನಿ ಬಹಳ ಬಡಪಾಯಿ. ದೂರ ನಡೆಯಲಾರದು, ದಾರಿಯಲ್ಲಿ ಸಿಕ್ಕ ಕರೆಂಟಿನ ಸದ್ದನ್ನೆಲ್ಲ ಜೊತೆಗೆ ಕರೆದುಕೊಂಡು ಬರುತ್ತದೆ. ಸ್ಪೀಕರಿನಲ್ಲಿ ಬಂದದ್ದು ಬರೀ ಗೊಂಯ್. ಅಜ್ಜಿ ಅದನ್ನು ಮಗ್ಗದ ಸದ್ದೆಂದೇ ತಿಳಿದಳು. "ಹಾಡು ಕೇಳ್ತಾ?" ಎಂದದ್ದಕ್ಕೆ ಎಲ್ಲರೂ ಚೆನ್ನಾಗಿ ಕೇಳಿತು ಎಂದರು. ಅಕ್ಕ ಒಬ್ಬಳೇ ಸುಮ್ಮನಿದ್ದಳು. ಆಮೇಲೆ ಹಿತ್ತಲಲ್ಲಿ ನನ್ನನ್ನು ಹಿಡಿದು ಹೇಳಿದಳು: "ಮದುವೇಲಿ ನಂಗೆ ನಿಜವಾಗ್ಲೂ ಕೇಳ್ಬೇಕು ಡಾ. ಕೇಳ್ದೆ ನಾನು ಕತ್ತು ಬಗ್ಸಲ್ಲ." ಅಕ್ಕ ಸುಳ್ಳು ಬೆದರಿಕೆ ಹಾಕುವವಳಲ್ಲ. ಅವತ್ತಿನಿಂದ ನನಗೆ ಅನ್ನ ರುಚಿಸಲಿಲ್ಲ.

ಮದ್ದು ನನಗೆ ಗೊತ್ತಿತ್ತು. ಒಂದು ಕಬ್ಬಿಣದ ಹೃದಯದ ಮೇಲೆ ಎರಡು ತಂತಿಯ ಸುರುಳಿ: ಮೈಕಿನ ಕಡೆಗೆ ಸಾವಿರಾರು ಸುತ್ತು, ಉದ್ದ ತಂತಿಯ ಕಡೆಗೆ ಕೆಲವೇ ಸುತ್ತು. ದನಿ ಒಂದರಿಂದ ಇನ್ನೊಂದಕ್ಕೆ ದಾಟುವಾಗ ನಡೆಯಲು ಬೇಕಾದ ಕಸುವು ಪಡೆಯುತ್ತದೆ, ಗೊಂಯ್ ಹತ್ತಿರ ಸುಳಿಯುವುದಿಲ್ಲ. ಬ್ಯಾಟರಿ ಬೇಡ, ಕರೆಂಟು ಬೇಡ. ವಿಚಿತ್ರವೆಂದರೆ ಎರಡು ಸುರುಳಿಗಳೂ ಒಂದನ್ನೊಂದು ಮುಟ್ಟುವುದಿಲ್ಲ. ನಮ್ಮಮ್ಮ ಮಾವನ ಎದುರು ಮಾತಾಡಬಾರದೆಂದು ಕಂಬಕ್ಕೆ ಹೇಳುತ್ತಿದ್ದಳು, ತಾತ ಕಂಬದಿಂದ ಕೇಳಿಸಿಕೊಳ್ಳುತ್ತಿದ್ದರು. ಹೆಚ್ಚುಕಡಿಮೆ ಅದೇ ಏರ್ಪಾಟು. ಕೂದಲಿನಂಥ ತಾಮ್ರದ ತಂತಿಯನ್ನು ಅಪ್ಪನ ರಾಟೆಯಲ್ಲೇ ಸುತ್ತಿದೆ. ಎಲ್ಲವನ್ನೂ ಬಿಸ್ಕತ್ ಡಬ್ಬಿಯೊಳಗೆ ಕೂರಿಸಿದೆ. ಪರೀಕ್ಷೆ ಮಾಡಲು ಆಂಪ್ಲಿಫಯರು ಇರಲಿಲ್ಲ. ಅದು ಪಲ್ಲಡದಿಂದ ಬಾಡಿಗೆಗೆ ಬರಬೇಕಿತ್ತು.

ಮದುವೆಯ ಬೆಳಿಗ್ಗೆ ಅದು ಬಂತು. ಡಬ್ಬಿ ಸಿಕ್ಕಿಸಿದೆ. ಹಾಡಿಲ್ಲ, ಗೊಂಯ್ ಕೂಡ ಇಲ್ಲ. ಮೈಕ್‌ಸೆಟ್ಟಿನವರು ಚಪ್ಪರದಿಂದ "ಒಣ್ಣುಮೇ ಕೇಕ್ಕಲೀಂಗ" ಎಂದು ಹೇಳಿ ಕಳಿಸಿದರು. ಏನೆಂದರೆ ಏನೂ ಕೇಳುತ್ತಿಲ್ಲವಂತೆ. ಗಂಡಿನ ಕಡೆಯವರು ಸೂಲೂರಿನಿಂದ ಬಂದು ಇಳಿದಿದ್ದರು. ಪುರೋಹಿತರು ಆಗಲೇ ಮಂತ್ರ ಶುರುಮಾಡಿದ್ದರು. ಅಪ್ಪ ಒಳಗೆ ಬಂದು ಡಬ್ಬಿಯ ಮುಚ್ಚಳವನ್ನು ಒಮ್ಮೆ ತಟ್ಟಿ ನೋಡಿ ಹೋದರು. ಬೈದಿದ್ದರೆ ವಾಸಿಯಿತ್ತು.

ಡಬ್ಬಿ ಬಿಚ್ಚಿದೆ. ಪ್ರತಿಯೊಂದು ಬೆಸುಗೆಯೂ ಸರಿಯಾಗಿತ್ತು. ಸುರುಳಿಯ ಮೇಲೆ ಸುಮ್ಮನೆ ಬೆರಳಾಡಿಸಿದೆ. ಹೊರಸುತ್ತುಗಳ ಕೆಳಗೆ ಏನೋ ಒಂದು ಪುಟ್ಟದು ತಾಗಿತು, ರಾಗಿಕಾಳಿನಷ್ಟು. ಸುತ್ತುವಾಗ ತಂತಿ ಹರಿದಿತ್ತು. ನನ್ನ ಬೆರಳುಗಳು ನನ್ನನ್ನು ಕೇಳದೆ ಗಂಟು ಹಾಕಿ ಮುಂದುವರಿದಿದ್ದವು. ಎಂಥ ಅಚ್ಚುಕಟ್ಟಾದ ಗಂಟು ಅಂತೀರಿ! ನೂಲಾಗಿದ್ದರೆ ಸೀರೆ ಹರಿದರೂ ಅದು ಬಿಚ್ಚುತ್ತಿರಲಿಲ್ಲ. ಆದರೆ ಆ ತಂತಿಯ ಮೈಗೆ ಅರಗಿನಂಥ ಲೇಪವಿರುತ್ತದೆ; ಕೆರೆದು ತಾಮ್ರಕ್ಕೆ ತಾಮ್ರ ತಾಗಿಸದಿದ್ದರೆ ದನಿ ದಾಟುವುದಿಲ್ಲ. ಅಂಗಡಿಯಲ್ಲಿ ದಿನಾ ಮಾಡುತ್ತಿದ್ದ ಕೆಲಸ. ಆದರೆ ಇದನ್ನು ಸುತ್ತಿದ್ದು ಅಪ್ಪನ ರಾಟೆಯ ಮುಂದೆ ಕುಳಿತು, ಮತ್ತು ಆ ಜಾಗದಲ್ಲಿ ಕೈಗಳು ನೇಕಾರನವಾಗಿಬಿಟ್ಟಿದ್ದವು.

ಹೊರಸುತ್ತು ಬಿಚ್ಚಿ, ಬ್ಲೇಡಿನಲ್ಲಿ ಕೆರೆದು, ಬೆಸುಗೆಯ ಕಡ್ಡಿಯನ್ನು ಕಾಯಿಸಲು ಅಡುಗೆಯವರ ಒಲೆಗೆ ತುರುಕಿದೆ. ಸಾಂಬಾರು ಕೆಟ್ಟರೆ ತಾವು ಹೊಣೆಯಲ್ಲ ಎಂದು ಅಡುಗೆಯವರು ಇಡೀ ಹಿತ್ತಲಿಗೆ ಸಾರಿದರು. ನನಗೆ ಸಾಂಬಾರಾಗಲಿ ಲೋಕವಾಗಲಿ ಬೇಕಿರಲಿಲ್ಲ. ಬೆಸುಗೆ ಹಿಡಿಯಿತು. ಡಬ್ಬಿಗೆ ಮುಚ್ಚಳ ಹಾಕಲೂ ಹೊತ್ತಿಲ್ಲದೆ ಸಿಕ್ಕಿಸಿ, ಅಜ್ಜಿಗೆ ಹಾಡು ಎಂದು ಸನ್ನೆ ಮಾಡಿ, ಚಪ್ಪರಕ್ಕೆ ಓಡಿದೆ.

ಅರ್ಧ ಬೀದಿಯಲ್ಲೇ ಕೇಳಿಸಿತು. ಅಜ್ಜಿಯ ದನಿ, ನಡುವೆ ಉಸಿರೆಳೆದುಕೊಳ್ಳುವುದೂ ಸೇರಿ, ಬೀದಿಯ ತುಂಬ. ಅಕ್ಕ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅಷ್ಟರಲ್ಲಿ, ಹಾಡಿನ ನಡುವೆ, ದನಿ ನಿಂತುಹೋಯಿತು.

ಭಾವನ ಕೈಯಲ್ಲಿ ತಾಳಿ. ಡೋಲಿನವರು ಕೋಲೆತ್ತಿ ಕೂತಿದ್ದಾರೆ. ಇಡೀ ಚಪ್ಪರ ನನ್ನ ಕಡೆ ತಿರುಗಿತು. ಬೆಸುಗೆ ಬಿಟ್ಟಿತು ಎಂದುಕೊಂಡು, ಪಂಚೆ ಎತ್ತಿಕಟ್ಟಿ ಮತ್ತೆ ಮನೆಗೆ ಓಡಿದೆ.

ಡಬ್ಬಿಯಲ್ಲಿ ಎಲ್ಲವೂ ನೆಟ್ಟಗಿತ್ತು. ಅಜ್ಜಿ ಕಿವಿಗೆ ಕೈ ಹಿಡಿದು ಕಿಟಕಿಯ ಕಡೆ ಆಲಿಸುತ್ತಿದ್ದಳು. ನನ್ನನ್ನು ಕಂಡು ಸದ್ದು ಮಾಡಬೇಡ ಎಂದು ಬೆರಳು ಎತ್ತಿದಳು.

"ಯಾರೋ ಮುದ್ಕಿ ಹಾಡ್ತಾ ಇದ್ಳು, ನನ್ ಕಣ್ಣು, ಬೀದೀಲಿ. ನಮ್ ಹಾಡೇ. ಕೇಳಾಣ ಅಂತ ನಾ ನಿಲ್ಸ್ದೆ, ಅವಳೂ ನಿಲ್ಸ್‌ಬುಟ್ಳು."

"ಅದು ನೀನೇ ಅಜ್ಜಿ."

ಅಜ್ಜಿ ನನ್ನ ಮುಖ ನೋಡಿದಳು. ಆ ಕಾಲದಲ್ಲಿ ತನ್ನ ದನಿಯನ್ನು ತಾನೇ ಹೊರಗಿನಿಂದ ಕೇಳಿದವರು ಯಾರಿದ್ದರು?

"ನಾನಾ? ಅಷ್ಟು ವಯಸ್ಸಾಗಿ ಪೋಚ್ಚಾ ನಂಗೆ?"

ಇದೂ ಮೈಕಿನಲ್ಲಿ ಚಪ್ಪರದವರೆಗೆ ಹೋಯಿತು. ಆದರೆ ಅಲ್ಲಿಂದ ಒಂದು ನಗುವೂ ಬರಲಿಲ್ಲ. ನಾನು ಮಂಚದ ಪಕ್ಕ ಕೂತೆ. ಅಜ್ಜಿ ಮತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಸರಿ ಬಿಡು. ಪಾವಂ, ಆ ಮುದ್ಕಿ ಒಬ್ಳೇ ನಿಂತಿರ್ತಾಳೆ ಅಲ್ಲಿ," ಎಂದು ಬಿಟ್ಟ ಸಾಲಿನಿಂದಲೇ ಎತ್ತಿಕೊಂಡಳು. ಈ ಸಲ ಮೆಲ್ಲಗೆ, ಬೀದಿಯಲ್ಲಿದ್ದ ಆ ಮುದುಕಿಗೆ ಎಲ್ಲೂ ದಣಿವಾಗದ ಹಾಗೆ ನಿಲ್ಲಿಸಿ ನಿಲ್ಲಿಸಿ, ಕೊನೆಯ ಸಾಲಿನವರೆಗೂ ಕರೆದುಕೊಂಡು ಹೋದಳು. ಆಮೇಲೆ ಡೋಲು ಮೊಳಗಿತು.