ಬುಡ್ತು ಅನ್ನಕ್ಕ

“ನಿಮ್ಮ ಮನೆಗೆ ಬೆಂಕಿ ಬಿದ್ದರೆ ಮೊದಲು ಯಾವ ವಸ್ತು ಎತ್ತಿಕೊಂಡು ಓಡುತ್ತೀರಿ?”

ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನ ಲೈಬ್ರರಿಯಲ್ಲಿ, ಇಂಗ್ಲಿಷ್ ಕ್ಲಾಸಿನ ಮೊದಲ ದಿನ, ಹೆಲೆನ್ ಮೇಡಂ ನಗುನಗುತ್ತ ನನ್ನನ್ನು ಹೀಗೆ ಕೇಳಿದರು. ಹೆಸರು ಕೇಳಿದರು, ಊರು ಕೇಳಿದರು, ಆಮೇಲೆ ಸೀದಾ ಮನೆಗೆ ಬೆಂಕಿ ಹಚ್ಚಿದರು. “ಬಿಡ್ತು ಅನ್ನಿ ಮೇಡಂ!” ಎಂದು ಬಾಯಿಂದ ಕನ್ನಡವೇ ಬಂದುಬಿಟ್ಟಿತು.

ಹಾಗೆಂದರೇನು ಎಂದು ಅವರು ಕೇಳಿದರು. ಕೆಟ್ಟದ್ದು ಬಾಯಿಗೆ ಬಂದರೆ ನಮ್ಮಲ್ಲಿ ಆಡಿದವರ ಕೈಯಲ್ಲೇ ‘ಬಿಡ್ತು’ ಅನ್ನಿಸುತ್ತೇವೆ, ಇಲ್ಲದಿದ್ದರೆ ಆಡಿದ್ದು ನಿಜವಾಗಿಬಿಡುತ್ತದೆ ಎಂಬ ಭಯ ಎಂದು ಹರಕು ಮುರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರಿಗೆ ಅದು ಬಹಳ ಇಷ್ಟವಾಯಿತು. “ಬುಡ್ಟು, ಬುಡ್ಟು” ಅಂತ ಕ್ಲಾಸಿಗೆಲ್ಲ ಹೇಳಿಕೊಟ್ಟರು. ಹೇಳಿಕೊಟ್ಟು, ಪಕ್ಕದವರನ್ನು “ನಿಮ್ಮ ಕೆಲಸ ಹೋದರೆ ಏನು ಮಾಡುತ್ತೀರಿ?” ಎಂದು ಕೇಳಿದರು! ಈ ಹೆಂಗಸಿಗೆ ಬೇರೆ ಯೋಚನೆಯೇ ಬರುವುದಿಲ್ಲವೇ ಅಂದುಕೊಂಡೆ.

ನಾನು ಭೀಮನಬೀಡು ಎಂಬ ಹಳ್ಳಿಯ ಹುಡುಗಿ. ಚಾಮರಾಜನಗರದಲ್ಲಿ ಕನ್ನಡ ಮೀಡಿಯಂನಲ್ಲಿ ಬಿ.ಎ. ಮಾಡಿ, ಗುಂಡ್ಲುಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. ನನ್ನ ಗಂಡ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಅವರ ಬೆನ್ನಿಗೆ ನಾನು ಬಂದೆ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಹಾಕುವ ಕೆಲಸ ಸಿಕ್ಕಿತು. ಒಗೆಯುವುದೆಲ್ಲ ಮೆಷಿನ್ನೇ. ಆದರೆ ಬಿಸಿಲಿಲ್ಲದ ಊರಿನಲ್ಲಿ ಬಟ್ಟೆ ಒಣಗಿದ ವಾಸನೆ ಬರುವುದಿಲ್ಲ, ಸೋಪಿನ ವಾಸನೆ ಬರುತ್ತದೆ. ನಮ್ಮ ಬಾಡಿಗೆ ಮನೆಯಲ್ಲಿ ಮೆಟ್ಟಿಲಿಗೂ ಕಾರ್ಪೆಟ್. ಎಲ್ಲಿ ಗುಡಿಸಿ, ನೀರು ಹಾಕಿ ಸಾರಿಸುವುದು? ಮೊದಲ ತಿಂಗಳು ಮನೆ ಕೊಳೆಯಾಗಿಯೇ ಇದೆ ಅನ್ನಿಸಿ ಊಟ ಸೇರುತ್ತಿರಲಿಲ್ಲ.

ಇಲ್ಲಿ ಬಸ್ಸಿನ ಡ್ರೈವರ್ ಕೂಡ ಹೆಂಗಸರನ್ನು ‘ಲವ್’ ಅನ್ನುತ್ತಾನೆ. ಗಾಬರಿ ಬೀಳಬೇಡಿ, ನಮ್ಮ ಕಡೆಯ ‘ಕಣಮ್ಮಿ’ ಇದ್ದ ಹಾಗೆ ಅದು. ‘ಟೀ’ ಅಂದರೆ ರಾತ್ರಿಯ ಊಟ. ಅದು ಗೊತ್ತಿಲ್ಲದೆ, ಜೊತೆಯಲ್ಲಿ ಕೆಲಸ ಮಾಡುವವಳು ಟೀಗೆ ಕರೆದಳೆಂದು ಹೊಟ್ಟೆ ತುಂಬ ಮುದ್ದೆ ಉಂಡು ಹೋಗಿ, ಅಲ್ಲಿ ಬೇಯಿಸಿದ ಆಲೂಗಡ್ಡೆಯ ರಾಶಿ ಮುಂದೆ ಕೂತು ಒದ್ದಾಡಿದ್ದೇನೆ. ಇದನ್ನು ಫೋನಿನಲ್ಲಿ ಹೇಳಿದಾಗ ನಮ್ಮಕ್ಕ ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಅಕ್ಕನ ವಿಷಯ ಹೇಳಬೇಕು. ಅವ್ವ ತೀರಿಕೊಂಡಾಗ ನಾನು ಇನ್ನೂ ಶಾಲೆಗೂ ಸೇರದ ಕೂಸು. ಸಾಕಿದವಳು ಅಕ್ಕ. ಊರಲ್ಲೇ ಮದುವೆಯಾಗಿ, ನನ್ನನ್ನೂ ತನ್ನ ಜೊತೆಗೇ ಇಟ್ಟುಕೊಂಡಳು. ಭಾವನ ಹೊಲದಲ್ಲಿ ಚೆಂಡುಹೂವು ಬೆಳೆದು ಗುಂಡ್ಲುಪೇಟೆಗೆ ಹಾಕುತ್ತಿದ್ದರು. ನಾನು ಇಲ್ಲಿಗೆ ಬಂದ ಮೇಲೆ ಅವಳ ಕಿಡ್ನಿ ಕೆಟ್ಟಿತು. ಡಯಾಲಿಸಿಸ್‌ಗೆಂದು ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋಗಿಬರುವುದೇ ಅವಳ ಬದುಕಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಕೂತು ನನಗೆ ಫೋನ್ ಮಾಡುತ್ತಿದ್ದಳು.

“ಅಲ್ಲ ಕಣಮ್ಮಿ, ನಾನೇನಾರ ಓಗ್ಬುಟ್ರೆ...”

“ಬುಡ್ತು ಅನ್ನಕ್ಕ!”

“ಬುಡ್ತು, ಬುಡ್ತು. ಊಟ ಆಯ್ತಾ?”

ಊರಲ್ಲಿ ಹೂವು ಕೀಳುವ ಕಾಲದಲ್ಲಿ, ಮಳೆಗಾಲದಲ್ಲಿ, ಶುರುವಾದದ್ದು ಇದು. ಪ್ರತಿ ಸಲವೂ ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಅಷ್ಟು ದೂರದಿಂದ ಅವಳಿಗಾಗಿ ನಾನು ಮಾಡಬಹುದಾಗಿದ್ದು ಅದೊಂದೇ ಅನ್ನಿಸುತ್ತಿತ್ತು.

ಇತ್ತ ಕ್ಲಾಸಿನಲ್ಲಿ ಹೆಲೆನ್ ಮೇಡಂ ಕಲಿಸುತ್ತಿದ್ದ ಪಾಠಕ್ಕೆ ಸೆಕೆಂಡ್ ಕಂಡಿಷನಲ್ ಅಂತ ಹೆಸರು. ಇಲ್ಲದ್ದನ್ನು ಇದೆ ಅಂದುಕೊಂಡು ಆಡುವ ಮಾತು. ‘ಇಫ್ ಐ ಹ್ಯಾಡ್ ವಿಂಗ್ಸ್, ಐ ವುಡ್ ಫ್ಲೈ.’ ರೆಕ್ಕೆ ಇದ್ದರೆ ಹಾರುತ್ತಿದ್ದೆ. ‘ಹ್ಯಾಡ್’ ಅಂದರೆ ಭೂತಕಾಲ ಅಲ್ಲವೇ, ರೆಕ್ಕೆ ನಿನ್ನೆಯೂ ಇರಲಿಲ್ಲವಲ್ಲ ಎಂದು ಕೇಳಿದೆ. “ಇಲ್ಲಿ ಅದು ಕಾಲ ಹೇಳುವುದಿಲ್ಲ, ದೂರ ಹೇಳುತ್ತದೆ. ಇದು ನಿಜವಲ್ಲ, ಹೆದರಬೇಡಿ ಅನ್ನುತ್ತದೆ” ಎಂದರು. ಆಗ ನನಗೆ ಹೊಳೆಯಿತು: ಇವರು ಬಿಡ್ತು ಎಂಬುದನ್ನು ಕ್ರಿಯಾಪದದ ಒಳಗೇ ಇಟ್ಟುಕೊಂಡಿದ್ದಾರೆ! ಅದಕ್ಕೇ ಬೆಂಕಿ, ಸಾವು ಏನು ಬೇಕಾದರೂ ಆಡಿ ಚಹಾ ಕುಡಿಯುತ್ತಾರೆ. ನಮ್ಮ ‘ಹೋದರೆ’ ಹಾಗಲ್ಲ. ಪೇಟೆಗೆ ಹೋದರೆ ಅನ್ನುವುದಕ್ಕೂ ಜೀವ ಹೋದರೆ ಅನ್ನುವುದಕ್ಕೂ ಅದೊಂದೇ ಮಾತು. ನಾವು ಹೆದರದೆ ಇನ್ನೇನು ಮಾಡಬೇಕು?

ಚಳಿ ಶುರುವಾಗುವ ಹೊತ್ತಿಗೆ ನಮ್ಮ ವೀಸಾ ಮುಂದುವರಿಸಲು ಅರ್ಜಿ ಹಾಕಿದೆವು. ತೀರ್ಮಾನ ಬರುವ ಮೊದಲು ದೇಶ ಬಿಟ್ಟು ಹೊರಟರೆ ಅರ್ಜಿ ಬಿದ್ದುಹೋಗುತ್ತದೆ. ಹೇಗೂ ಯುಗಾದಿ ಹೊತ್ತಿಗೆ ಊರಿಗೆ ಹೋಗುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಆ ದಿನಗಳಲ್ಲೇ ಒಮ್ಮೆ, ಕೆಲಸದ ಮನೆಯಲ್ಲಿ ಜೀನ್ ಎಂಬ ಅಜ್ಜಿಯ ರೂಮಿಗೆ ಮಡಿಸಿದ ಬಟ್ಟೆ ಇಡಲು ಹೋಗಿದ್ದೆ. ಅಜ್ಜಿ ಬೀರು ತೋರಿಸಿ, “ನಾನು ಇಲ್ಲೇ ಸತ್ತರೆ, ಆ ನೀಲಿ ಕಾರ್ಡಿಗನ್...” ಎಂದು ಶುರು ಮಾಡಿದಳು. ನಾನು ಎಂದಿನಂತೆ “ನೋ, ನೋ, ಹಾಗೆಲ್ಲ ಅನ್ನಬೇಡಿ” ಎಂದೆ. ಅವಳಿಗೆ ಸಿಟ್ಟು ಬಂತು. “ಮಾತು ಮುಗಿಸಲು ಬಿಡು, ಲವ್. ನನ್ನ ಮಗಳೂ ನಿನ್ನ ಹಾಗೆಯೇ. ನಾನು ಹೇಳುವುದನ್ನು ಯಾರೂ ಕೇಳುವುದೇ ಇಲ್ಲ” ಎಂದಳು. ನಾನು ಮಂಚದ ಅಂಚಿನಲ್ಲಿ ಕೂತು ಪೂರ್ತಿ ಕೇಳಿದೆ. ಆ ನೀಲಿ ಉಣ್ಣೆಯ ಕಾರ್ಡಿಗನ್ ಚುಚ್ಚುತ್ತದೆ, ಸತ್ತ ಮೇಲೆ ತನಗೆ ಅದನ್ನು ತೊಡಿಸಬಾರದು. ಇಷ್ಟೇ. ಹೇಳಿ ಮುಗಿಸಿ ಹಾಯಾಗಿ ಕಣ್ಣು ಮುಚ್ಚಿದಳು.

ಕಾರಿಡಾರಿಗೆ ಬಂದವಳು ನಿಂತಲ್ಲೇ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕ, ಓಗ್ಬುಟ್ರೆ, ಓಗ್ಬುಟ್ರೆ ಅಂತ ಏನೋ ಯೋಳಕ್ಕೆ ಬತ್ತಿದ್ದೆಯಲ್ಲ. ಯೋಳು. ಈ ಸಲ ತಡಿಯಕ್ಕಿಲ್ಲ.”

ಅವಳ ದನಿ ತೀರಾ ಇಳಿದುಹೋಗಿತ್ತು.

“ನಾ ಓಗ್ಬುಟ್ರೆ ನೀ ಬರ್ಬ್ಯಾಡ ಕಣಮ್ಮಿ. ಸತ್ತೋಳ ಮೊಕ ನೋಡಕ್ಕೆ ಅಷ್ಟು ದೂರದಿಂದ ಯಾಕ್ ಬಂದೀಯೆ? ನಾ ಇದ್ದಾಗ್ಲೇ ಬಂದ್ಬುಡು ಅನ್ನಕ್ಕೆ ಬತ್ತಿದ್ದೆ. ನೀ ಬುಡ್ತು ಬುಡ್ತು ಅನ್ಕಂಡು ಬಾಯೇ ಮುಚ್ಚುಸ್ಬುಟ್ಟೆ.”

ಹೂವು ಕೀಳುವ ಕಾಲದಲ್ಲಿ ಅವಳ ಮಾತು ಮುಗಿಯಲು ಬಿಟ್ಟಿದ್ದರೆ ನಾನು ಮಾರನೆಯ ವಾರವೇ ವಿಮಾನ ಹತ್ತಿರುತ್ತಿದ್ದೆ. ಆಗ ಯಾವ ಅರ್ಜಿಯೂ ಇರಲಿಲ್ಲ. “ವೀಸಾ ಬರ್ಲಿ ಅಕ್ಕ, ಬಂದ ದಿವ್ಸವೇ ಹೊರಟ್ಬುಡ್ತೀನಿ” ಎಂದು ಅತ್ತೆ. “ಬಾ. ಬಂದಾಗ ಅವರೆಕಾಳು ಉಪ್ಸಾರು ಮಾಡಿಕ್ತೀನಿ” ಎಂದಳು. ನೀರು ಕುಡಿಯಲೂ ಅಳತೆಯಿದ್ದ ಜೀವ ನನಗೆ ಉಪ್ಸಾರು ಮಾಡಿಕ್ಕುತ್ತೇನೆಂದಿತು.

ವೀಸಾಕ್ಕಿಂತ ಮೊದಲು ಭಾವನ ಫೋನ್ ಬಂತು. ಬೆಳಿಗ್ಗೆ ಅಕ್ಕ ಹೋಗಿಬಿಟ್ಟಿದ್ದಳು. ಹಿಂದೆ ಹೆಂಗಸರ ಅಳು ಕೇಳಿಸುತ್ತಿತ್ತು.

“ಬತ್ತೀಯೇನವ್ವ? ಬತ್ತೀನಿ ಅಂದ್ರೆ ಐಸ್ ಪೆಟ್ಟಿಗೇಲಿ ಇಟ್ಟು ಕಾಯ್ತೀವಿ. ಸಾಕಿದೋಳಲ್ವಾ ನಿನ್ನ.”

ನನ್ನ ಗಂಡ ಎದುರಿಗೆ ನಿಂತು, “ಹೊರಡು, ಅರ್ಜಿ ಹಾಳಾಗಿ ಹೋಗಲಿ” ಎಂದರು. ನಿಜವಾಗಿ ಅಂದರು. ಆದರೆ ಅಕ್ಕ ಕೊನೆಗೂ ಮುಗಿಸಿದ ಮಾತು ‘ನಾ ಓಗ್ಬುಟ್ರೆ ನೀ ಬರ್ಬ್ಯಾಡ’ ಅನ್ನುವುದೊಂದೇ. ಅದನ್ನೂ ನಾನು ಮೀರಲೇ?

“ಕಾಯ್ಬೇಡಿ ಭಾವ” ಎಂದೆ.

ಆ ಕಡೆಯಿಂದ ಫೋನ್ ಇಟ್ಟರು. ಅಕ್ಕ ನನಗೆ ಹೇಳಿದ್ದೇನೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಿದರೆ ನೆವ ಎಂದುಕೊಳ್ಳುತ್ತಾರೆ. ‘ಸಾಕಿದೋಳು ಸತ್ರೂ ಬರ್ನಿಲ್ಲ, ದೊರೆಸಾನಿ ಆಗ್ಬುಟ್ಲು’ ಎಂದು ಮಾತಾಡಿಕೊಂಡರಂತೆ. ಈ ಕಡೆ, ಕೆಲಸದ ಮನೆಯಲ್ಲಿ ಒಂದು ಕಾರ್ಡಿಗೆ ಎಲ್ಲರೂ ಸಹಿ ಹಾಕಿ ಕೊಟ್ಟರು. ಜೋರಾಗಿ ಅಳಲು ಮಾತ್ರ ಜಾಗವಿರಲಿಲ್ಲ. ನಮ್ಮ ಬಾಡಿಗೆ ಮನೆಯ ಗೋಡೆ ತೆಳು, ಪಕ್ಕದ ಮನೆಗೆ ಕೇಳಿಸುತ್ತದೆ. ಕೆಲಸದಲ್ಲಿ ಬಟ್ಟೆ ಒಗೆಯುವ ಮೆಷಿನ್ ಓಡುತ್ತಿರುವಾಗ ಅದರ ಸದ್ದಿನಲ್ಲಿ ಅತ್ತೆ.

ಈಗ ವೀಸಾ ಬಂದಿದೆ. ಯಾವತ್ತು ಬೇಕಾದರೂ ಹೊರಡಬಹುದು. ಹೋದ ಭಾನುವಾರ ಧೈರ್ಯ ಮಾಡಿ ಭಾವನಿಗೆ ಫೋನ್ ಮಾಡಿದೆ. ಮಳೆ, ಹೂವಿನ ರೇಟು ಅಂತ ಏನೇನೋ ಮಾತಾಡಿದೆವು. ಕೊನೆಗೆ ಭಾವ, “ಬಂದ್ರೆ ಯೋಳವ್ವ, ರೂಮು ಸಾರ್ಸಿಡ್ತೀನಿ” ಎಂದರು. ಸಿಟ್ಟಿಲ್ಲದ, ಒಳ್ಳೆಯ ಮಾತೇ ಅದು. ಆದರೆ ಅಕ್ಕ ಯಾವತ್ತೂ ‘ಬಂದ್ರೆ’ ಅಂದವಳಲ್ಲ. ‘ಬಂದಾಗ’ ಅನ್ನುತ್ತಿದ್ದಳು.

“ಆಯ್ತು ಭಾವ” ಎಂದೆ. “ಬಂದ್ರೆ ಯೋಳ್ತೀನಿ.”