ಓದಿಸದ ಸಕ್ಕರೆ

ನಮ್ಮ ಕುಲಗೋಡದಲ್ಲಿ ಅರವತ್ತು ದಾಟಿದವರೆಲ್ಲ ಒಬ್ಬ ಹೆಣ್ಣುಮಗಳಿಗೆ ಹೆದರುತ್ತೇವೆ. ಅವಳ ಹೆಸರು ಶಹನಾಜಬಿ. ಊರಿನ ಆಶಾ ಕಾರ್ಯಕರ್ತೆ. ಎತ್ತರ ನಾಲ್ಕೂವರೆ ಅಡಿ, ದನಿ ಮಾತ್ರ ಊರಾಚೆಯ ಕಬ್ಬಿನ ಹೊಲದವರೆಗೆ ಮುಟ್ಟುತ್ತದೆ. ನಾನು ಪರಶುರಾಮ, ಇಪ್ಪತ್ತೊಂಬತ್ತು ವರ್ಷ ಗೋಕಾಕದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಎಂಥೆಂಥ ಜಗಳಗಂಟರಿಗೂ ಟಿಕೆಟ್ ಹರಿದು ಕೈಗೆ ಕೊಟ್ಟಿದ್ದೇನೆ. ಶಾಲೆಗೆ ಹೋಗುವಾಗ ನನ್ನ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಬೈಸಿಕೊಳ್ಳುತ್ತಿದ್ದ ಈ ಹುಡುಗಿಯ ಮುಂದೆ ಮಾತ್ರ ನನ್ನ ಸೀಟಿ ನಡೆಯಲಿಲ್ಲ.

ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ಬೆಳಿಗ್ಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರೆ ಶಹನಾಜಬಿ ಬಂದು, ನಮಸ್ಕಾರವೂ ಇಲ್ಲ ಏನೂ ಇಲ್ಲ, ಕಾಲು ತೋರಿಸಿರಿ ಕಾಕಾ ಎನ್ನುತ್ತಾಳೆ. ಬೆರಳ ಸಂದು ಬಿಡಿಸಿ ನೋಡುತ್ತಾಳೆ. ಆಮೇಲೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಎರಡು ಬಟ್ಟೆಚೀಲಗಳನ್ನು ತಡವುತ್ತಾಳೆ. ಬಿಳಿ ಚೀಲದಲ್ಲಿ ಬೆಳಗಿನ ಗುಳಿಗೆ, ಹಸಿರು ಚೀಲದಲ್ಲಿ ಸಂಜೆಯದು. ಓದು ಬಾರದ ಮುದುಕರಿಗೆಂದು ಅವಳೇ ಹಳೆಯ ದುಪ್ಪಟ್ಟ ಹರಿದು ಹೊಲಿದವು. ನನಗೆ ಓದು ಬರುತ್ತದೆಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳದೆ ನನ್ನ ಮನೆಗೂ ಎರಡು ತೂಗುಹಾಕಿದಳು.

ಅವಳ ಗಂಡ ಮುಕ್ತಾರ ಸವೆದು ನುಣುಪಾದ ಒಳಕಲ್ಲು, ಬೀಸುಕಲ್ಲುಗಳಿಗೆ ಚಾಣದಿಂದ ಗೀರು ಹೊಡೆದು ಒರಟು ಮಾಡಿಕೊಡುವವನು. ಮನೆಮನೆಗೆ ಮಿಕ್ಸರ್ ಬಂದ ಮೇಲೆ ಅವನ ಚಾಣ ಮೂಲೆ ಸೇರಿತ್ತು. ಒಂದು ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಇಬ್ಬರು ಸೊಂಟ ಮುರಿದುಕೊಂಡಾಗ ಶಹನಾಜಬಿ ಗಂಡನನ್ನು ಎಬ್ಬಿಸಿಕೊಂಡು ಹೋಗಿ, ಮುದುಕರಿದ್ದ ಮನೆಗಳ ಬಚ್ಚಲ ಫರಸಿಕಲ್ಲಿನ ಮೇಲೆಲ್ಲ ಒಳಕಲ್ಲಿಗೆ ಹೊಡೆದಂತೆ ಗೀರು ಹೊಡೆಸಿದಳು. ಆಮೇಲೆ ನಮ್ಮ ಊರಲ್ಲಿ ಬಚ್ಚಲಲ್ಲಿ ಬಿದ್ದವರಿಲ್ಲ. ನನ್ನ ಬಚ್ಚಲು ತಿಕ್ಕುವಾಗ ಹೆಂಡತಿ ಕೈ ತರಚಿಕೊಂಡು ಅವಳನ್ನು ಇವತ್ತಿಗೂ ಬೈಯುತ್ತಾಳೆ, ಆ ಮಾತು ಬೇರೆ.

ಅವಳ ಬುದ್ಧಿ ಎಷ್ಟು ಚುರುಕು ಎಂಬುದಕ್ಕೆ ಇನ್ನೊಂದು ಮಾತು ಹೇಳಬೇಕು. ಸಕ್ಕರೆಯ ಗುಳಿಗೆ ನುಂಗಿ ಹೊಟ್ಟೆಗೆ ಹಾಕದಿದ್ದರೆ ಮೈಯೊಳಗಿನ ಸಕ್ಕರೆ ಪೂರಾ ಇಳಿದು ಪ್ರಾಣಕ್ಕೇ ಕುತ್ತು. ಅದಕ್ಕೆ ರಮಜಾನ್ ಬರುವ ಮೊದಲು ಮುಸಲರ ಮನೆಗಳಿಗೆ ಹೋಗಿ, ರೋಜಾ ಹಿಡಿಯುವವರು ಡಾಕ್ಟರನ್ನು ಕೇಳಿ ಗುಳಿಗೆಯ ಹೊತ್ತು ಬದಲಿಸಿಕೊಳ್ಳಿ ಎನ್ನುವಳು. ಶ್ರಾವಣ ಬರುವ ಮೊದಲು ನಮ್ಮವರ ಮನೆಗಳಿಗೆ ಬಂದು, ಸೋಮವಾರ ಉಪವಾಸ ಇರುವವರು ಏನು ಮಾಡಬೇಕೆಂದು ತಿಳಿಸುವಳು. ವರ್ಷಕ್ಕೆ ಎರಡು ಸುತ್ತು. ತಪ್ಪಿದ್ದಿಲ್ಲ.

ನಮ್ಮ ಓಣಿಯ ಗೌರಕ್ಕ ಅವಳಿಗೆ ಎಲ್ಲರಿಗಿಂತ ಹೆಚ್ಚು ತ್ರಾಸ ಕೊಟ್ಟವಳು, ಎಲ್ಲರಿಗಿಂತ ಹೆಚ್ಚು ಬೇಕಾದವಳು ಕೂಡ. ಎಪ್ಪತ್ತೆರಡರ ಮುದುಕಿ. ಮಗ ಹನಮಂತ, ಸೊಸೆ ಸರಿತಾ, ಮೊಮ್ಮಕ್ಕಳು, ಮೂರು ಎಮ್ಮೆ, ತುಂಬಿದ ಮನೆ. ಶಹನಾಜಬಿಯ ಅವ್ವ ಸಣ್ಣ ವಯಸ್ಸಿಗೇ ತೀರಿಕೊಂಡಾಗ ಈ ಹುಡುಗಿಗೆ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವಳು ಗೌರಕ್ಕನೇ. ಅವಳನ್ನು ಶಹನಾಜಬಿ ಆಯಿ ಎಂದೇ ಕರೆಯುತ್ತಿದ್ದಳು.

ಆಯಿಗೆ ಗುಳಿಗೆ ಎಂದರೆ ಆಗದು. ಬಾಯಿ ಕಹಿಯಾಗುತ್ತದೆಂದು ಅವನ್ನು ಯಾರೂ ನೋಡದಾಗ ಎಮ್ಮೆಯ ಗೋದಲಿಗೆ ಎಸೆಯುತ್ತಿದ್ದಳು. ಚೀಲ ಖಾಲಿ, ಸಕ್ಕರೆ ಮಾತ್ರ ಮುನ್ನೂರು ದಾಟಿದ್ದು. ಎಮ್ಮೆಗೆ ಸಕ್ಕರೆ ಕಾಯಿಲೆ ಬರುವುದೊಂದು ತಪ್ಪಿತು ಎಂದು ನಾವೆಲ್ಲ ನಕ್ಕೆವು. ಶಹನಾಜಬಿ ನಗಲಿಲ್ಲ. ಅಷ್ಟರಲ್ಲಿ ಗೌರಕ್ಕನ ಹಿಮ್ಮಡಿಯಲ್ಲಿ ಒಂದು ಗಾಯ ಎದ್ದು, ಮೂರು ತಿಂಗಳು ಮಾಯಲೇ ಇಲ್ಲ. ಮೂರು ತಿಂಗಳೂ ಶಹನಾಜಬಿ ದಿನಾ ಬಂದು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದಳು. ಕಾಲು ಉಳಿಯಿತು. ಪಟ್ಟಿ ಬಿಚ್ಚಿದ ದಿನ ನಾನೂ ಅಲ್ಲೇ ಇದ್ದೆ.

“ಆಯಿ, ಇನ್ನ ಮ್ಯಾಲ ಒಂದ ಗುಳಿಗಿ ತಪ್ಪಸಿದ್ರೂ ನಿನ್ನ ಪಂಜಾದ ಆಣಿ ಐತಿ ನೋಡು,” ಎಂದಳು.

ಗೌರಕ್ಕನ ಮುಖ ಇಳಿಯಿತು. “ಅದರ ಆಣಿ ಯಾಕ ಹಾಕತಿ?”

“ಹಾಕಲಿಲ್ಲಂದ್ರ ನೀ ಮತ್ತ ಎಮ್ಮಿಗಿ ನುಂಗಸ್ತಿ.”

ಮೊಹರಮ್ಮಿಗೆ ಮಸೂತಿಯಲ್ಲಿ ಕೂಡಿಸುವ ಪಂಜಾ, ಆ ಬೆಳ್ಳಿಯ ಹಸ್ತದ ದೇವರು, ಎಂದರೆ ಗೌರಕ್ಕನಿಗೆ ಏನು ಎಂಬುದು ಊರಿಗೇ ಗೊತ್ತು. ಹುಟ್ಟಿದ ಮೂರು ಕೂಸುಗಳು ಮಣ್ಣಿಗೆ ಹೋದ ಮೇಲೆ, ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಅವಳು ಮೊಹರಮ್ಮಿನ ಪಂಜಾಕ್ಕೆ ಬೇಡಿಕೊಂಡಿದ್ದಳು. ಹನಮಂತ ಉಳಿದ. ಆ ವರ್ಷದಿಂದ ಮೊಹರಮ್ಮಿನ ಒಂಬತ್ತನೆಯ ದಿನ, ನಮ್ಮ ಕಡೆ ಕತ್ತಲರಾತ್ರಿ ಎನ್ನುವ ದಿನ, ಮುಂಜಾನೆಯಿಂದ ಹೊಟ್ಟೆಗೆ ಏನೂ ಇಲ್ಲ. ಸಂಜೆ ಒಂದು ಪೊಟ್ಟಣ ಸಕ್ಕರೆ ಹಿಡಿದು ಮಸೂತಿಗೆ ಹೋಗುವುದು, ಪಂಜಾದ ಸೇವೆ ಮಾಡುವ ಮುಜಾವರರ ಕೈಯಿಂದ ಅದರ ಮೇಲೆ ಫಾತಿಹಾ ಓದಿಸುವುದು, ಓದಿಸಿದ ಸಕ್ಕರೆ ಬಾಯಿಗೆ ಹಾಕಿಕೊಂಡು ಉಪವಾಸ ಬಿಡುವುದು. ನಲವತ್ತಾರು ವರ್ಷ ನಡೆಸಿಕೊಂಡು ಬಂದ ಹರಕೆ.

ಆ ದೇವರ ಆಣೆಯನ್ನು ದಾಟುವುದುಂಟೇ? ಅಂದಿನಿಂದ ಗೌರಕ್ಕ ಗಡಿಯಾರ ಇದ್ದ ಹಾಗೆ ಗುಳಿಗೆ ನುಂಗತೊಡಗಿದಳು. ಸಕ್ಕರೆ ಹತೋಟಿಗೆ ಬಂತು, ಕೆನ್ನೆ ತುಂಬಿತು. ಬಲು ಉಪಾಯಗಾತಿ ನೀನು ಎಂದು ನಾನು ಶಹನಾಜಬಿಗೆ ಶಾಬಾಸ್ ಹೇಳಿದೆ. ಅವಳು ಹಿಗ್ಗಿ, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಕಾಕಾ ಎಂದಳು.

ಆಣೆ ಹಾಕಿದ ಮೇಲಿನ ಮೊದಲ ಮೊಹರಂ, ಹೋದ ವರ್ಷದ್ದು, ಬಂತು. ರಮಜಾನಿನ ಸುತ್ತು ಮುಗಿದಿತ್ತು, ಶ್ರಾವಣದ ಸುತ್ತಿಗೆ ಇನ್ನೂ ಮೂರು ವಾರ ಇತ್ತು. ನಡುವೆ ಮೊಹರಂ ಕೂತಿತ್ತು. ಶಹನಾಜಬಿಯ ಮನೆಯಲ್ಲಿ ಆ ದಿನಕ್ಕೆ ಉಪವಾಸದ ರೂಢಿಯಿಲ್ಲ, ಚೊಂಗೆ ಕರಿದು ಶರಬತ್ತು ಹಂಚುವ ಹಬ್ಬ ಅದು. ಗೌರಕ್ಕನ ಉಪವಾಸ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ಸಣ್ಣವಳಿದ್ದಾಗಿನಿಂದ ಕಂಡದ್ದು. ಆದರೆ ರೋಜಾ ಎಂದರೆ ಮುಸಲರದು, ಉಪವಾಸ ಎಂದರೆ ಶ್ರಾವಣದ್ದು ಎಂದು ಅವಳ ತಲೆಯಲ್ಲಿ ಎರಡು ಗೂಟ ಬಡಿದಿದ್ದವು. ಮುಸಲರ ದೇವರಿಗೆ ನಮ್ಮವಳು ಹಿಡಿದ ಉಪವಾಸ ಎರಡು ಗೂಟಕ್ಕೂ ಸಿಗದೆ ನಡುವೆ ಹಾದುಹೋಯಿತು. ಮೂವತ್ತು ವರ್ಷದಿಂದ ಅದೇ ಓಣಿಯಲ್ಲಿದ್ದ ನನಗೂ ಹೊಳೆಯಲಿಲ್ಲ, ಸೊಸೆಗೂ ಹೊಳೆಯಲಿಲ್ಲ.

ಗೌರಕ್ಕ ಮಾತ್ರ ಯೋಚಿಸಿದ್ದಳು. ಗುಳಿಗೆಯೇನು ಊಟವಲ್ಲ, ಅದರಿಂದ ಉಪವಾಸ ಮುರಿಯುವುದಿಲ್ಲ ಎಂದು ಸರಿತಾಗೆ ಹೇಳಿದಳಂತೆ. ಹರಕೆಯೂ ಆ ದೇವರದೇ, ಆಣೆಯೂ ಆ ದೇವರದೇ, ಎರಡನ್ನೂ ನಡೆಸಬೇಕಲ್ಲ. ಬೆಳಿಗ್ಗೆ ಬಿಳಿ ಚೀಲದ ಗುಳಿಗೆಯನ್ನು ಒಂದು ಗುಟುಕು ನೀರಲ್ಲಿ ನುಂಗಿದಳು. ಮಸೂತಿಯಿಂದ ಬರುವುದು ತಡವಾದೀತೆಂದು ಹಸಿರು ಚೀಲದ್ದನ್ನೂ ನಾಲ್ಕಕ್ಕೇ ನುಂಗಿ, ಸಕ್ಕರೆಯ ಪೊಟ್ಟಣ ಹಿಡಿದು ಹೊರಟಳು.

ಆ ಹೊತ್ತಿಗೆ ಶಹನಾಜಬಿ ಊರಲ್ಲಿರಲಿಲ್ಲ. ಕಾಜಲ್ ಎಂಬ ಬಸುರಿ ಹುಡುಗಿಗೆ ಬ್ಯಾನೆ ಎದ್ದು, ಅವಳನ್ನು ಕರೆದುಕೊಂಡು ಬೆಳಿಗ್ಗೆಯೇ ಗೋಕಾಕಕ್ಕೆ ಹೋಗಿದ್ದಳು.

ಮಸೂತಿಯ ಮುಂದೆ ಸಕ್ಕರೆ ಓದಿಸುವವರ ಸಾಲು ಬೇವಿನ ಮರದವರೆಗೂ ಇತ್ತು. ನಾನೂ ಸಾಲಿನಲ್ಲಿದ್ದೆ, ಗೌರಕ್ಕನಿಗಿಂತ ನಾಲ್ಕು ಜನ ಹಿಂದೆ. ಹಲಗೆ ಬಡಿಯುತ್ತಿದ್ದರು. ಗೌರಕ್ಕನ ಮೈ ನಡುಗತೊಡಗಿತು. ಮುಖದ ಮೇಲೆ ಬೆವರು ಧಾರೆಯಾಗಿ ಇಳಿಯಿತು. ಏನೇನೋ ತೊದಲಿ ಮರದ ಬುಡಕ್ಕೆ ಕುಸಿದು ಕೂತಳು. ಮೊಹರಮ್ಮಿನಲ್ಲಿ ಹಲಗೆ ಕೇಳಿ ಮೈಮೇಲೆ ದೇವರು ಬರುವುದು ನಮ್ಮಲ್ಲಿ ಹೊಸದಲ್ಲ. ಮುಂದಿದ್ದ ಕರೆಪ್ಪ, ಗೌರಕ್ಕನ ಮೈಮೇಲೆ ಬಂತು ಎಂದ. ಹೆಂಗಸರು ಸುತ್ತುಗಟ್ಟಿದರು. ಯಾರೋ ಹಣೆಗೆ ಊದಿನ ಬೂದಿ ಹಚ್ಚಿದರು, ಯಾರೋ ಹೂವಿನ ಹಾರ ಹಾಕಿದರು. ಮಳೆಯ ಬಗ್ಗೆ ಕೇಳಿದರು, ಮಗಳ ಲಗ್ನದ ಬಗ್ಗೆ ಕೇಳಿದರು.

ನಾನೂ ಮುಂದೆ ಹೋಗಿ ಕೈ ಮುಗಿದೆ. ಬರೆಯಲು ನಾಚಿಕೆಯಾಗುತ್ತದೆ. ನನ್ನ ಮೊಣಕಾಲು ನೋವು ವಾಸಿಯಾಗಲಿ ಎಂದು ಬೇಡಿಕೊಂಡೆ. ಗೌರಕ್ಕ ಕಣ್ಣು ತೆರೆದು ನನ್ನನ್ನೇ ನೋಡಿದಳು.

“ಪರಸ್ಯಾ, ಮನಿಗಿ ಕರಕೊಂಡ ಹೋಗೋ,” ಎಂದಳು.

ದೇವರು ಪರಶುರಾಮನ ಮನೆಗೆ ಬರುತ್ತೇನೆ ಅನ್ನುತ್ತಿದೆ ಎಂದು ಕರೆಪ್ಪ ಕೂಗಿ ಹೇಳಿದ. ಜನ ನನ್ನತ್ತ ತಿರುಗಿ ನೋಡಿದರು. ನಾನು ಎದೆಯುಬ್ಬಿಸಿ ನಿಂತೆ. ಇದಕ್ಕಿಂತ ಕೆಟ್ಟ ಕೆಲಸ ನನ್ನ ಜನ್ಮದಲ್ಲಿ ನಾನು ಮಾಡಿಲ್ಲ.

ಆರೂವರೆಯ ಬಸ್ಸಿಗೆ ಶಹನಾಜಬಿ ಇಳಿದಳು. ಗದ್ದಲ ನೋಡಿ ಜನರನ್ನು ಸರಿಸಿಕೊಂಡು ಒಳಗೆ ಬಂದಳು. ಗೌರಕ್ಕನ ಕತ್ತಿನ ಬೆವರು ಮುಟ್ಟಿ ನೋಡಿದಳು.

“ದೇವರು ಬಂದಿಲ್ಲೋ ಯಪ್ಪಾ, ಸಕ್ಕರಿ ಇಳದೈತಿ,” ಎಂದಳು.

ಸಕ್ಕರೆಗಾಗಿ ಎಲ್ಲಿಗೂ ಓಡಬೇಕಿರಲಿಲ್ಲ. ಗೌರಕ್ಕನ ಬಿಗಿಮುಷ್ಟಿಯೊಳಗೇ ಇತ್ತು. ಎರಡು ತಾಸಿನಿಂದ ಆ ಮುಷ್ಟಿಗೆ ನಾವೆಲ್ಲ ಕೈ ಮುಗಿಯುತ್ತಿದ್ದೆವು. ಶಹನಾಜಬಿ ಒಂದೊಂದೇ ಬೆರಳು ಬಿಡಿಸಿ, ಪೊಟ್ಟಣ ಹರಿದು, ಒಂದು ಚಿಟಿಕೆ ಸಕ್ಕರೆಯನ್ನು ಅವಳ ದವಡೆಗೆ ಒರೆಸಿದಳು. ಗೌರಕ್ಕ ನಾಲಿಗೆಯಿಂದ ಅದನ್ನು ಹೊರಗೆ ತಳ್ಳಿದಳು.

“ಇನ್ನ ಓದಿಸಿಲ್ಲ,” ಎಂದಳು. ಅವಳ ಬಾಯಿಂದ ನಾವು ಕೇಳಿದ ಕೊನೆಯ ಮಾತು ಅದು.

ಮುಜಾವರ ಮಹಮ್ಮದಗೌಸರು ಪಂಜಾದ ಮುಂದಿನಿಂದ ಎದ್ದು ಬರಿಗಾಲಲ್ಲಿ ಓಡಿಬಂದರು. ಮಣ್ಣಿನಲ್ಲಿ ಮಂಡಿಯೂರಿ, ಹರಿದ ಪೊಟ್ಟಣದ ಮೇಲೆ ಕೈ ಹಿಡಿದು, ತಡವರಿಸುತ್ತ ಓದಿದರು. ಓದಿದೆ ಗೌರಕ್ಕ, ಇನ್ನು ತಿನ್ನು ಎಂದು ಕಿವಿಯಲ್ಲಿ ಹೇಳಿದರು. ಅಷ್ಟೊತ್ತಿಗೆ ಅವಳ ಹಲ್ಲು ಕಚ್ಚಿಕೊಂಡಿದ್ದವು. ಸಕ್ಕರೆ ತುಟಿಯ ಮೇಲೆಯೇ ಕರಗಿತು.

ಹನಮಂತ ಜೀಪು ತಂದ. ಗೋಕಾಕದ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಉಪವಾಸ ಇದ್ದವಳಿಗೆ ಈ ಗುಳಿಗೆ ಯಾರು ಕೊಟ್ಟಿರಿ ಎಂದು ಡಾಕ್ಟರು ಕೇಳಿದಾಗ ಸರಿತಾ ತಲೆ ತಗ್ಗಿಸಿದಳು. ಹಿಂದೆ ನಿಂತಿದ್ದ ಶಹನಾಜಬಿ ಮುಂದೆ ಬಂದಳು.

“ನಾನ ಹೇಳಿದ್ದಿನ್ರಿ, ತಪ್ಪಸಬ್ಯಾಡ ಅಂತ ಆಣಿ ಹಾಕಿದ್ದೆ,” ಎಂದಳು.

ಸಕ್ಕರೆ ಮತ್ತೆ ಏರಿತು, ಆದರೆ ಮಿದುಳು ಸಕ್ಕರೆಯಿಲ್ಲದೆ ಬಹಳ ಹೊತ್ತು ಒಣಗಿತ್ತಂತೆ. ನಾಲ್ಕನೆಯ ದಿನ ಗೌರಕ್ಕ ಕಣ್ಣು ತೆರೆಯದೆಯೇ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಹನಮಂತ ಶಹನಾಜಬಿಗೆ ಒಂದು ಬಿರುಸು ಮಾತೂ ಆಡಲಿಲ್ಲ. ಬದಲಿಗೆ, ನೀನು ಕಾಲು ತೊಳೆಯದಿದ್ದರೆ ಅವ್ವ ಯಾವಾಗಲೋ ಹೋಗುತ್ತಿದ್ದಳು ತಂಗಿ, ಎಂದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಆ ಮಾತು ಕೇಳಿ ಗೋದಲಿಯ ಹತ್ತಿರ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ನಾನು ದೂರದಿಂದ ನೋಡಿದೆ. ಹತ್ತಿರ ಹೋಗುವ ಧೈರ್ಯ ನನಗೆ ಬರಲಿಲ್ಲ, ಏಕೆಂದರೆ ಗೌರಕ್ಕ ನನಗೆ ಏನು ಹೇಳಿದ್ದಳೆಂಬುದು ಶಹನಾಜಬಿಗೆ ಇನ್ನೂ ಗೊತ್ತಿರಲಿಲ್ಲ.

ಕೆಲಸ ಬಿಡುತ್ತಾಳೆ ಎಂದುಕೊಂಡೆವು. ಬಿಡಲಿಲ್ಲ. ಮೊದಲಿನಂತೆಯೇ ಬಂದು ಕಾಲು ನೋಡಿದಳು, ಚೀಲ ತಡವಿದಳು. ದನಿ ಮಾತ್ರ ಪಕ್ಕದ ಮನೆಗೂ ಕೇಳದಷ್ಟು ಸಣ್ಣದಾಯಿತು. ಗುಳಿಗೆ ತಪ್ಪಿಸಬೇಡಿ ಎನ್ನುತ್ತಿದ್ದವಳು ಈಗ, ಉಂಡಿರೇನು ಎಂದು ಮೊದಲು ಕೇಳುತ್ತಾಳೆ. ಉಂಡೆ ಎಂದರೂ ಅಡುಗೆಮನೆಗೆ ಹೋಗಿ ತಾಟು ನೋಡಿ ಬರುತ್ತಾಳೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಹೊರಗಿನವರು ಅಂದಾರು. ನನಗೆ ಹಾಗೆ ಅನ್ನುವ ಯೋಗ್ಯತೆಯಿಲ್ಲ.

ಈ ವರ್ಷ ಮೊಹರಂ ಹತ್ತಿರ ಬಂದಾಗ ಅವಳು ಮೂರನೆಯ ಸುತ್ತು ಹೊರಟಳು. ಪಂಜಾಕ್ಕೆ ಉಪವಾಸ ಹಿಡಿಯುವವರು ಯಾರ್‍ಯಾರು ಎಂದು ಮನೆಮನೆಗೆ ಕೇಳಿ, ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದು ಬಂದಳು. ಕತ್ತಲರಾತ್ರಿಯ ಹಿಂದಿನ ದಿನ ನನ್ನ ಕಟ್ಟೆಗೂ ಬಂದಳು. ಕೈಚೀಲದ ತುಂಬ ಸಕ್ಕರೆಯ ಸಣ್ಣ ಪೊಟ್ಟಣಗಳು. ಒಂದನ್ನು ತೆಗೆದು ನನ್ನ ಅಂಗಿಯ ಕಿಸೆಗೆ ಇಟ್ಟಳು.

“ಗೌಸ ಕಾಕಾರ ಕೈಲೆ ಮುಂಚೇನ ಓದಿಸಿ ಇಟ್ಟೇನ್ರಿ. ಮೈ ನಡುಗಿದ್ರ ದಾರಿ ನೋಡಬ್ಯಾಡ್ರಿ, ಬಾಯಾಗ ಹಾಕೊಂಡ ಬಿಡ್ರಿ,” ಎಂದಳು.

ಒಂದು ವರ್ಷದಿಂದ ಹೊತ್ತದ್ದನ್ನು ಆಗ ಇಳಿಸಿದೆ. ಗೌರಕ್ಕ ಮನೆಗೆ ಕರೆದುಕೊಂಡು ಹೋಗೆಂದು ನನ್ನನ್ನು ಹೆಸರು ಹಿಡಿದು ಕೇಳಿದ್ದನ್ನು, ನಾನು ಎದೆಯುಬ್ಬಿಸಿ ನಿಂತದ್ದನ್ನು, ಎಲ್ಲ ಹೇಳಿದೆ. ಅವಳು ನನ್ನ ಪಕ್ಕ ಕಟ್ಟೆಯ ಮೇಲೆ ಕೂತಳು.

“ಅಷ್ಟೊತ್ತಿನ ತನಕ ಆಯಿಗಿ ಗುರತ ಇತ್ತಂದ್ರ, ಆಗ ಒಂದ ಚಿಟಿಕಿ ಸಕ್ಕರಿ ಹಾಕಿದ್ರ...” ಎಂದು ನಿಲ್ಲಿಸಿದಳು.

ಆಮೇಲೆ ಎದ್ದು, ಕಾಲು ತೋರಿಸಿರಿ ಕಾಕಾ ಎಂದಳು. ತೋರಿಸಿದೆ. ಒಂದೊಂದೇ ಬೆರಳ ಸಂದು ಬಿಡಿಸಿ ನೋಡಿದಳು. ನನ್ನ ಪಾದದ ಮೇಲೆ ಅವಳ ಕಣ್ಣೀರು ಬಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿ, ಬೆರಳ ಸಂದಿನಲ್ಲಿ ಹಸಿ ಉಳಿಯಬಾರದೆಂದು ಇನ್ನೊಮ್ಮೆ ಒರೆಸಿ, ಮುಂದಿನ ಮನೆಗೆ ಹೋದಳು.