ಮಾಮಾ ಗೊದಾನಾ ಬಾವಿಯೂ ನನ್ನ ಸಹಿಯೂ

ಮೂರು ವರ್ಷದ ಹಿಂದೆ ನಾನು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಒಂದು ಪಂಪ್ ವರ್ಕ್‌ಶಾಪಿನಲ್ಲಿ ಹೆಡ್ ಫಿಟ್ಟರ್ ಆಗಿದ್ದೆ. ಇಲ್ಲಿ ನಮ್ಮಂಥ ಕಸುಬುದಾರರನ್ನು ಫುಂಡಿ ಎಂದು ಕರೆಯುತ್ತಾರೆ. ಮಧುಗಿರಿ ಕಡೆಯ ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬೋರ್‌ವೆಲ್ ಲಾರಿ ಹತ್ತಿದವನು. ಕೀನ್ಯಾಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ನಾನು ಇಳಿಸಿದ ಮೋಟಾರು ಸುಟ್ಟು ಮೇಲೆ ಬಂದದ್ದು ಎರಡೇ ಸಲ, ಎರಡೂ ಸಲ ತಪ್ಪು ಕರೆಂಟಿನದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚ ಪಡಬೇಕಾದ ಸಂಗತಿ ಬೇರೆ ಇದೆ.

ಒಂದು ಸಂಸ್ಥೆಯವರು ಉತ್ತರದ ಹೊಸ ಊರೊಂದಕ್ಕೆ ಬೋರ್‌ವೆಲ್ ಕೊರೆಸಿದ್ದರು. ಪಂಪು ಇಳಿಸಿ, ಜನರೇಟರಿಗೆ ಜೋಡಿಸಿ ಟೆಸ್ಟ್ ಮಾಡುವುದು, ಸರಿ ಬಂದರೆ ಸೋಲಾರ್‌ಗೆ ಬದಲಾಯಿಸುವುದು ನಮ್ಮ ಕೆಲಸ. ಸಂಸ್ಥೆಯ ಕಡೆಯಿಂದ ಉಸ್ತುವಾರಿಗೆ ಬಂದವನು ಸುಧೀರ, ಮೈಸೂರಿನ ಹುಡುಗ, ದೊಡ್ಡ ಓದು ಓದಿದವನು. ದಾರಿಯುದ್ದಕ್ಕೂ ರಂಗಣ್ಣ, ರಂಗಣ್ಣ ಎಂದು ಚೆನ್ನಾಗಿಯೇ ಮಾತಾಡಿಸಿದ.

ಟಾರು ರಸ್ತೆ ಬಂದ ಮೇಲೆ ಬೆಳೆದ ಊರು ಅದು. ತಗಡಿನ ಅಂಗಡಿಗಳು, ಒಂದು ಪೆಟ್ರೋಲ್ ಬಂಕ್, ಮಸೀದಿ, ಶಾಲೆ. ಅದಕ್ಕೂ ಮೊದಲು ಅಲ್ಲಿ ಇದ್ದದ್ದು ಒಂದೇ ಸಂಸಾರ. ಗಂಡ ಹೆಂಡತಿ ಒಂದಿಷ್ಟು ಒಂಟೆಗಳ ಜೊತೆ ಬಂದು, ಗಟ್ಟಿ ನೆಲವನ್ನು ಕೈಯಲ್ಲೇ ಒಂಬತ್ತು ಮೀಟರ್ ಅಗೆದು ನೀರು ಕಂಡಿದ್ದರು. ಗಂಡ ತೀರಿಕೊಂಡಿದ್ದ. ಹೆಂಡತಿಯನ್ನು ಊರೆಲ್ಲ ಮಾಮಾ ಗೊದಾನಾ ಎನ್ನುತ್ತಿತ್ತು, ಅಂದರೆ ಗೊದಾನಾನ ತಾಯಿ. ಇಲ್ಲಿ ಹೆಂಗಸರನ್ನು ಮೊದಲ ಮಗುವಿನ ಹೆಸರಿನಿಂದ ಕರೆಯುವುದು ರೂಢಿ. ಆ ಬಾವಿಗೆ ಒಂದು ಕಟ್ಟಳೆ ಇತ್ತು. ನೀರು ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ, ಅದಕ್ಕೆ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಆದರೆ ಯಾರ ಸರದಿ ಯಾವಾಗ ಎಂದು ಹೇಳುವವಳು ಮಾಮಾ. ಕೋಲು ಹಿಡಿದು ಬಾವಿಯ ಬಾಯಿಯಲ್ಲಿ ಕೂರುತ್ತಿದ್ದಳು. ಕಾರಿನಲ್ಲಿ ಬಂದ ದೊಡ್ಡ ಮನುಷ್ಯರೂ ಮೇಕೆಗಳ ಹಿಂದೆ ನಿಲ್ಲಬೇಕಿತ್ತು. ನೀರು ಸಿಕ್ಕಿತೆಂದು ಜನ ನಿಂತರು, ಜನ ನಿಂತರೆಂದು ಅಂಗಡಿ ಬಂತು.

ಪಂಪ್ ಟೆಸ್ಟ್ ಎಂದರೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ನೀರೆತ್ತಿ, ಬೋರಿನೊಳಗೆ ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಏರಿತು ಎಂದು ಬರೆದುಕೊಳ್ಳುವುದು. ಹತ್ತಿರದ ಬಾವಿಗಳನ್ನೂ ಅಳೆಯಬೇಕು. ಮಾಮಾಳ ಬಾವಿ ನಮ್ಮ ಬೋರಿನಿಂದ ಅರವತ್ತು ಹೆಜ್ಜೆ. ಬೆಳಿಗ್ಗೆ ಆರಕ್ಕೆ ಪಂಪು ಹಾಕಿದೆ. ಬಾವಿಯೊಳಗೆ ಅವಳ ಮಕ್ಕಳು ಒಬ್ಬರ ಮೇಲೊಬ್ಬರಂತೆ ಮೆಟ್ಟಿಲಲ್ಲಿ ನಿಂತು ಬಕೆಟ್ಟು ಮೇಲಕ್ಕೆ ದಾಟಿಸುತ್ತಿದ್ದರು. ನಾಲ್ಕು ಜನ ಸಾಕಿತ್ತು. ಮಧ್ಯಾಹ್ನದ ಹೊತ್ತಿಗೆ ಐದನೆಯವನು ಇಳಿದ. ಟೇಪು ಬಿಟ್ಟು ನೋಡಿದರೆ ನೀರು ಒಂದು ಮೀಟರ್ ಎಂಬತ್ತು ಸೆಂಟಿಮೀಟರ್ ಕೆಳಗೆ ಹೋಗಿತ್ತು.

ಮಾಮಾ ನನ್ನನ್ನೇ ನೋಡುತ್ತಿದ್ದಳು. "ಫುಂಡಿ, ನನ್ನ ನೀರು ಎಲ್ಲಿಗೆ ಹೋಗ್ತಿದೆ?" ಎಂದು ಸ್ವಾಹಿಲಿಯಲ್ಲಿ ಕೇಳಿದಳು.

ಪಂಪು ನಿಲ್ಲಿಸಿದೆ. ಸಂಜೆಗೆ ಮಟ್ಟ ಒಂದು ಮೀಟರ್ ಮೇಲೆ ಬಂತು. ಎರಡಕ್ಕೂ ಸೆಲೆ ಒಂದೇ ಎನ್ನಲು ಇನ್ನೇನು ಬೇಕು? ಪಂಪು ಚಾಲೂ ಮಾಡುವ ಪ್ಯಾನೆಲ್ಲಿನ ಕೀ ಜೇಬಿಗೆ ಹಾಕಿಕೊಂಡು ಸುಧೀರನ ಹತ್ತಿರ ಹೋದೆ.

"ಸಾರ್, ಈ ಬೋರು ಓಡಿದ್ರೆ ಆ ಬಾವಿ ಸತ್ತೋಗುತ್ತೆ. ಗುಡ್ಡದ ಕಡೆ ಇನ್ನೊಂದು ಪಾಯಿಂಟ್ ಇತ್ತಲ್ಲ?"

"ಅದು ರೋಡಿಂದ ಎರಡು ಕಿಲೋಮೀಟರ್ ಒಳಗಿದೆ ರಂಗಣ್ಣ. ಡೋನರ್ಸ್ ಗಾಡಿ ಹೋಗಲ್ಲ. ನಮ್ಮ ಬೋರ್ಡು ಯಾರಿಗೆ ಕಾಣುತ್ತೆ?"

"ಬೋರ್ಡಿಗೆ ಬಾಯಾರಿಕೆನಾ ಸಾರ್?"

"ಜೋಕ್ ಬೇಡ. ರಿಪೋರ್ಟ್ ಆಲ್ರೆಡಿ ಕಳಿಸಿಯಾಗಿದೆ."

"ಟೆಸ್ಟೇ ಮುಗಿದಿಲ್ಲ, ಅದ್ಯಾವ ರಿಪೋರ್ಟು? ನಾನಂತೂ ಸೈನ್ ಹಾಕಲ್ಲ."

ಅವನು ಫೋನು ತಿರುಗಿಸಿ ಹಿಡಿದ. "ಹಾಕಿದ್ದೀರಲ್ಲ."

ಹಾಕಿದ್ದೆ. ಅಚ್ಚುಕಟ್ಟಾದ ನನ್ನದೇ ಸಹಿ. ನನಗೆ ಇಂಗ್ಲಿಷ್ ಮಾತು ತಿಳಿಯುತ್ತದೆ, ಓದು ಬರುವುದಿಲ್ಲ. ಅದು ಯಾರಿಗೂ ಗೊತ್ತಾಗಬಾರದೆಂದು, ಆಫೀಸಿನಲ್ಲಿ ಫಾರಂ ಮುಂದಿಟ್ಟ ಕೂಡಲೇ ಓದಿದವನಂತೆ ಕಣ್ಣಾಡಿಸಿ ಸರ್ರನೆ ಗೀಚಿ ಕೊಡುತ್ತಿದ್ದೆ. ಹೊರಡುವ ಮುಂಚೆಯೇ ಟೆಸ್ಟ್ ಶೀಟಿಗೂ ಹಾಗೆಯೇ ಗೀಚಿದ್ದೆ. ಹತ್ತಿರದಲ್ಲಿ ಬೇರೆ ನೀರಿನ ಮೂಲವಿದೆಯೇ ಎನ್ನುವ ಕಡೆ ಇಲ್ಲ ಎಂದು ಮೊದಲೇ ಟೈಪಾಗಿತ್ತೆಂದು ಸುಧೀರನ ಬಾಯಿಂದಲೇ ತಿಳಿಯಿತು. ನೋಂದಣಿ ನಂಬರಿಲ್ಲದ ಬಾವಿ ಅವರ ಲೆಕ್ಕದಲ್ಲಿ ಬಾವಿಯೇ ಅಲ್ಲವಂತೆ. ಊರು ಹುಟ್ಟಿಸಿದ ಬಾವಿಗೆ ಊರಿನ ನಕ್ಷೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಮೂರು ದಿನಕ್ಕೆ ಉದ್ಘಾಟನೆ. ನಾನು ಕೀ ಕೊಡಲಿಲ್ಲ. ನಲ್ಲಿಗೆಂದು ಕಟ್ಟಿದ್ದ ಟ್ಯಾಂಕು ಖಾಲಿ. ಆಗ ಸುಧೀರ ಮಾಡಿದ್ದು ಹೇಸಿಗೆ ಕೆಲಸ. ಅತಿಥಿಗಳು ಬರುತ್ತಾರೆ, ಸ್ವಲ್ಪ ನೀರು ಬೇಕು ಎಂದು ಮಾಮಾಳಿಗೇ ಹೇಳಿಕಳಿಸಿದ. ಕೇಳಿದವರಿಗೆ ಇಲ್ಲ ಅನ್ನುವವಳಲ್ಲ. ಮೇಕೆಗಳು ಕುಡಿದಾದ ಮೇಲೆ ತಗೊಳ್ಳಿ ಅಂದಳು. ಅವಳ ಬಾವಿಗೆ ಬಾಡಿಗೆ ಎಂಜಿನ್ನು ಇಟ್ಟು ಟ್ಯಾಂಕು ತುಂಬಿಸಿದರು.

ಶಾಮಿಯಾನ, ರಿಬ್ಬನ್ನು, ಕ್ಯಾಮರಾ. ಈ ಕುಟುಂಬ ಇಷ್ಟು ವರ್ಷ ಕೊಳಕು ನೀರು ಕುಡಿಯುತ್ತಿತ್ತು, ಇಂದಿನಿಂದ ಅವರ ಬಾಳು ಬದಲಾಯಿತು ಎಂದು ಸುಧೀರ ಮೈಕಿನಲ್ಲಿ ಹೇಳಿದ. ಚಪ್ಪಾಳೆ ಬಿತ್ತು. ಮಾಮಾಳನ್ನು ನಲ್ಲಿಯ ಕೆಳಗೆ ನಿಲ್ಲಿಸಿ, ಕೈಗೆ ಹಳದಿ ಕ್ಯಾನು ಕೊಟ್ಟು, ನಗು ಅಂದರು. ಅವಳು ನಗಲಿಲ್ಲ. ಒಂದು ಬೊಗಸೆ ಹಿಡಿದು ಕುಡಿದಳು. ನೇರ ನನ್ನ ಹತ್ತಿರ ಬಂದಳು.

"ಇದು ನನ್ನ ನೀರು."

ನಾನು ಹೌದೆಂದು ತಲೆಯಾಡಿಸಿದೆ.

ಶಾಮಿಯಾನದಲ್ಲಿ ರಿಪೋರ್ಟನ್ನು ದೊಡ್ಡದಾಗಿ ಪ್ರಿಂಟು ಮಾಡಿ ತೂಗುಹಾಕಿದ್ದರು. ಶಾಲೆ ಕಲಿತ ಮಗ ಗೊದಾನಾ ಅದನ್ನು ಓದಿ ತಾಯಿಗೆ ಹೇಳಿದ್ದ. "ಇಲ್ಲಿ ಬಾವಿನೇ ಇಲ್ಲ ಅಂತ ಬರೆದಿದ್ದೀಯಂತೆ?"

"ನಾನು ಬರೆದಿಲ್ಲ."

"ಕೆಳಗಿರೋ ಹೆಸರು?"

"ನಂದೇ."

"ಮತ್ತೆ?"

ಇಪ್ಪತ್ತೆರಡು ವರ್ಷ ಯಾರಿಗೂ ಹೇಳದ್ದನ್ನು ಆ ಮುದುಕಿಗೆ ಹೇಳಿದೆ. "ಓದದೆ ಹಾಕಿದೆ ಮಾಮಾ. ನನಗೆ ಇಂಗ್ಲಿಷ್ ಓದೋಕೆ ಬರಲ್ಲ."

"ನನಗೆ ಯಾವ ಭಾಷೆನೂ ಓದೋಕೆ ಬರಲ್ಲ," ಅಂದಳು. "ಅದಕ್ಕೇ ಎಲ್ಲೂ ಹೆಬ್ಬೆಟ್ಟು ಒತ್ತಿಲ್ಲ."

ಸುಧೀರನ ಮೇಲಿದ್ದ ಹೇಸಿಗೆಯಷ್ಟೂ ಆ ಕ್ಷಣ ನನ್ನ ಮೇಲೆಯೇ ತಿರುಗಿತು.

ಮರುದಿನ ಗೊದಾನಾನ ಜೊತೆ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ನೀರಿನ ಆಫೀಸಿಗೆ ಹೋದೆ. ನನ್ನ ನೋಟ್‌ಬುಕ್ಕಿನಿಂದ ಗಂಟೆಗಂಟೆಯ ಅಳತೆ ಹೇಳಿದೆ, ಅವನು ಇಂಗ್ಲಿಷಿನಲ್ಲಿ ಬರೆದ. ಪ್ರತಿ ಸಾಲನ್ನೂ ಸ್ವಾಹಿಲಿಯಲ್ಲಿ ಓದಿಸಿ ಕೇಳಿ ಆಮೇಲೆ ಸಹಿ ಹಾಕಿದೆ. ಮೊದಲ ಶೀಟಿನ ಸಹಿ ಓದದೆ ಹಾಕಿದ್ದು ಎಂದೂ ಬರೆಸಿದೆ. ಗುಮಾಸ್ತ ಒಮ್ಮೆ ನನ್ನ ಮುಖ ನೋಡಿದ.

ನೈರೋಬಿಗೆ ವಾಪಸಾದಾಗ ವರ್ಕ್‌ಶಾಪಿನ ಯಜಮಾನರು ಹೆಡ್ ಫಿಟ್ಟರ್ ಹುದ್ದೆಯಿಂದ ಇಳಿಸಿದರು. ಸಂಸ್ಥೆ ಬೇರೆ ಫಿಟ್ಟರ್ ಕಳಿಸಿ ಪಂಪು ಓಡಿಸಿತು. ಮೂರೇ ವಾರಕ್ಕೆ ಮಾಮಾಳ ಬಾವಿಯಲ್ಲಿ ಕೆಸರು. ನಲ್ಲಿಯ ನೀರಿಗೆ ಕ್ಯಾನಿಗಿಷ್ಟೆಂದು ದುಡ್ಡು, ಮಾಮಾ ಅತ್ತ ಹೋಗಲಿಲ್ಲ. ಮಕ್ಕಳು ಇನ್ನೊಂದು ಮೀಟರ್ ಅಗೆದರು, ಒಂಟೆಯವರು ಬೇರೆ ದಾರಿ ಹಿಡಿದರು. ನಾಲ್ಕನೇ ತಿಂಗಳು ಇನ್‌ಸ್ಪೆಕ್ಟರ್ ಬಂದು, ನನ್ನನ್ನು ಕರೆಸಿ ಅದೇ ಟೆಸ್ಟ್ ಮತ್ತೆ ಮಾಡಿಸಿದ. ಅದೇ ಅಳತೆ ಬಂತು. ಬೋರ್ ಮುಚ್ಚಲು ಆರ್ಡರಾಯಿತು. ಪಂಪನ್ನು ನಾನೇ ಮೇಲೆತ್ತಿದೆ. ಬಾವಿಯಲ್ಲಿ ನೀರು ತಿರುಗಿ ಬಂತು, ಹಳೆಯ ಗುರುತಿಗಿಂತ ಒಂದು ಮೊಳ ಕಡಿಮೆ.

ರಸ್ತೆ ಬದಿಯ ಬೋರ್ಡು ಇನ್ನೂ ಇದೆ. ಸುಧೀರನಿಗೆ ಬಡ್ತಿಯಾಗಿದೆ. ನೈರೋಬಿಯ ಕನ್ನಡದವರ ಹೋದ ಯುಗಾದಿ ಊಟದಲ್ಲಿ ಸಿಕ್ಕಿ, "ಅದೆಲ್ಲ ಬಿಟ್ಟಾಕಿ ರಂಗಣ್ಣ, ಬನ್ನಿ ಕೂತ್ಕೊಳ್ಳಿ" ಅಂದ. ನಾನು ಬೇರೆ ಸಾಲಿನಲ್ಲಿ ಕೂತೆ.

ಈಗ ಯಾವ ಇಂಗ್ಲಿಷ್ ಕಾಗದ ಬಂದರೂ, ನನಗೆ ಓದು ಬರುವುದಿಲ್ಲ, ಓದಿ ಹೇಳಿ ಎನ್ನುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ, ಕೆಲವರು ಮುಸಿಮುಸಿ ನಗುತ್ತಾರೆ. ನಗಲಿ. ಕಸುಬು ಬಲ್ಲವನಿಗೆ ಓದು ಬರದಿದ್ದರೆ ಯಾರಿಗೂ ನಷ್ಟವಿಲ್ಲ. ಬರುವುದಿಲ್ಲ ಎಂದು ಹೇಳಲು ನಾನು ನಾಚಿಕೊಂಡೆ, ಆ ನಾಚಿಕೆಗೆ ಒಂದು ಮನೆಯವರು ಕೆಸರು ಸೋಸಿ ಕುಡಿದರು.